ಟ್ಯಾಕ್ಸಿ ಚಾಲಕರೂ ಒಡೆತನದ ಹಕ್ಕೂ

ಬಾಡಿಗೆ ವಾಹನಗಳ ಚಾಲಕರ ಹಿತಕ್ಕಾಗಿ ರಾಜ್ಯದಲ್ಲಿ ಇತ್ತೀಚೆಗೆ ಎರಡು ಕಾಯಿದೆಗಳು ಬಂದಿವೆ. 2024ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಚಾಲಕರಿಗಾಗಿ ಕಲ್ಯಾಣ ನಿಧಿಯನ್ನು ಒದಗಿಸಿತು. 2025ರ ಗಿಗ್ ಕಾರ್ಮಿಕರ ಕಾಯಿದೆಯು, ಮೊಬೈಲ್ ಆ್ಯಪ್ ಮೂಲಕ ದುಡಿಯುವವರಿಗೆ ಸಲ್ಲುವ ಹಣದ ಮೇಲೆ ಶೇ. 1ರಿಂದ 5ರ ವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿಗಳಿಗೆ ವಿಧಿಸಿತು. ಇವೆರಡೂ ಸ್ವಾಗತಾರ್ಹವೇ. ಆದರೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ಸಾಲದ ಕಾರನ್ನು ನಿಲ್ಲಿಸಿಕೊಂಡು ಬಾಡಿಗೆಗೆ ಕಾಯುವ ಚಾಲಕನ ಚಿಂತೆ ಬೇರೆಯೇ ಇದೆ: ಈ ಕಾರು ತನ್ನದಾಗುವುದು ಎಂದು?

ಈ ಪ್ರಶ್ನೆಯನ್ನು ಅರ್ಧ ಶತಮಾನಕ್ಕೂ ಹಿಂದೆ ಕೈಗೆತ್ತಿಕೊಂಡವರು ನಮ್ಮ ಕರಾವಳಿಯವರೇ ಆದ ಜಾರ್ಜ್ ಫೆರ್ನಾಂಡಿಸ್. 1930ರಲ್ಲಿ ಮಂಗಳೂರಿನ ಕಥೋಲಿಕ ಮನೆತನದಲ್ಲಿ ಜನಿಸಿದ ಅವರು ಗುರುದೀಕ್ಷೆಯ ತರಬೇತಿಗೆಂದು ಬೆಂಗಳೂರಿನ ಸೆಮಿನರಿಯನ್ನು ಸೇರಿದರು. ಅಲ್ಲಿ ಗುರುಗಳಿಗೊಂದು, ವಿದ್ಯಾರ್ಥಿಗಳಿಗೊಂದು ಬಗೆಯ ಊಟವಿದ್ದುದನ್ನು ಸಹಿಸದೆ ಹೊರಬಂದರು. ಕೆಲಸವನ್ನರಸಿ ಮುಂಬಯಿಗೆ ಹೋಗಿ ಫುಟ್‌ಪಾತಿನಲ್ಲಿ ಮಲಗಿದರು. ಮುಂದೆ ಕಾರ್ಮಿಕ ನಾಯಕ ಪಿ. ಡಿ'ಮೆಲ್ಲೊ ಅವರ ಗರಡಿಯಲ್ಲಿ ಪಳಗಿ, ಟ್ಯಾಕ್ಸಿ ಚಾಲಕರನ್ನು ಸಂಘಟಿಸಿದರು.

ಚಳವಳಿಯಿಂದ ಬಾಡಿಗೆ ದರ ಏರಬಹುದು, ಸಾಲ ಹುಟ್ಟದು. ಇದನ್ನು ಬಲ್ಲ ಜಾರ್ಜ್, ಬ್ಯಾಂಕುಗಳ ರಾಷ್ಟ್ರೀಕರಣಕ್ಕೂ ಒಂದು ವರ್ಷ ಮೊದಲು, 1968ರಲ್ಲಿ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕನ್ನು ಸ್ಥಾಪಿಸಿದರು. ಅವರ ಹಿರಿಮೆ ಮುಷ್ಕರಗಳಲ್ಲಿ ಮಾತ್ರವಲ್ಲ, ದುಡಿಯುವವನನ್ನು ಸಾಲಕ್ಕೆ ಅರ್ಹನೆಂದು ಕಂಡ ಈ ದೃಷ್ಟಿಯಲ್ಲಿಯೂ ಇದೆ ಎಂದು ನಾವು ಭಾವಿಸುತ್ತೇವೆ.

ಮುಂದಿನ ಕಥೆ ನೋವಿನದು. 1977ರಲ್ಲಿ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್ ಎಂಬ ಹೆಸರು ಪಡೆದ ಆ ಸಂಸ್ಥೆಯ ಮೇಲೆ, ಜಾರ್ಜ್ ತೀರಿಕೊಂಡ ಆರು ವರ್ಷಗಳ ನಂತರ, 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. 122 ಕೋಟಿ ರೂಪಾಯಿ ದುರುಪಯೋಗದ ಆರೋಪ ಬಂದಿತು. ಆಗಸ್ಟ್ ತಿಂಗಳಲ್ಲಿ ಅದು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು. ಠೇವಣಿದಾರರು ಅಷ್ಟು ಕಾಲವೂ ಆತಂಕದಲ್ಲಿ ದಿನ ಕಳೆಯಬೇಕಾಯಿತು.

ಇದರಿಂದ ಸಹಕಾರ ತತ್ತ್ವವೇ ಸೋತಿತೆಂದು ತಿಳಿಯುವುದು ತಪ್ಪು. ದಿನದಿನದ ಚಿಲ್ಲರೆ ಉಳಿತಾಯದ ಪಿಗ್ಮಿ ಯೋಜನೆ 1928ರಲ್ಲಿ ಆರಂಭವಾದುದು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನಿಂದಲೇ. ಅಂತಹ ನೆಲದಲ್ಲಿ ಚಾಲಕರು ಒಗ್ಗೂಡಿ ತಮ್ಮದೇ ಸಾಲ ಸಹಕಾರ ಸಂಘವನ್ನು ಕಟ್ಟುವುದು ಅಸಾಧ್ಯವೇನಲ್ಲ. ನಮ್ಮ ಸಮಾಜದಲ್ಲಿರುವ ವಕೀಲರು, ಲೆಕ್ಕ ಪರಿಶೋಧಕರು, ನಿವೃತ್ತ ಬ್ಯಾಂಕ್ ನೌಕರರು ಜಾತಿಮತ ನೋಡದೆ ಅವರಿಗೆ ನೆರವಾಗಲಿ. ಕಾಯಿದೆಯಡಿ ಹೆಸರು ನೋಂದಾಯಿಸಲು ಚಾಲಕರು ತಡಮಾಡದಿರಲಿ. ಸಂಘ ಕಟ್ಟಿದ ಬಳಿಕ ಮಹಾಸಭೆಗೆ ತಪ್ಪದೆ ಹೋಗಿ ಲೆಕ್ಕ ಕೇಳಲಿ. ಸಂಘ ಉಳಿಯುವುದು ಸದಸ್ಯರ ಈ ಎಚ್ಚರದಿಂದಲೇ.