ಬಾಕಿ ಬಾಡಿಗೆಗೆ ಮಾಸಾಶನ ಜಾಮೀನಲ್ಲ

ಸಾಲ ತೀರಿಸಲಾಗದೆ ಮನೆ ಜಪ್ತಿಯಾದ ಮೇಲೆ ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಹಿಳೆಯೊಬ್ಬರು 2025ರ ಜನವರಿಯಲ್ಲಿ ವಿಷ ಸೇವಿಸಿ ಪ್ರಾಣ ಬಿಟ್ಟರು. ಅದೇ ದಿನಗಳಲ್ಲಿ ರಾಜ್ಯದ ನಾನಾ ಕಡೆಗಳಿಂದ ಇಂಥದ್ದೇ ಸುದ್ದಿಗಳು ಬಂದವು. ಫೆಬ್ರವರಿ 12ರಂದು ಕಿರು ಸಾಲ ವಸೂಲಿಯ ದಬ್ಬಾಳಿಕೆ ತಡೆಯುವ ಸುಗ್ರೀವಾಜ್ಞೆ ಜಾರಿಯಾಯಿತು, ಮುಂದೆ ಅದೇ ಕಾಯ್ದೆಯಾಯಿತು. ಸಾಲಗಾರರ ಮನೆ ಬಾಗಿಲಲ್ಲಿ ನಿಂತು ಬೆದರಿಸುವುದು, ಅವಮಾನಿಸುವುದು, ಸರ್ಕಾರಿ ಸೌಲಭ್ಯದ ದಾಖಲೆ ಕಿತ್ತುಕೊಳ್ಳುವುದು ಇವೆಲ್ಲ ಈಗ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ತರಬಲ್ಲ ಅಪರಾಧ. ಆದರೆ ಈ ರಕ್ಷಣೆ ಇರುವುದು ಸಾಲ ಪಡೆದವರಿಗೆ ಮಾತ್ರ. ಬಾಡಿಗೆ ಉಳಿಸಿಕೊಂಡು ಮನೆ ಬಿಟ್ಟವರು, ಅದರಲ್ಲೂ ಅಂಗವಿಕಲರ ಮಾಸಾಶನವೊಂದನ್ನೇ ನಂಬಿಕೊಂಡವರು, ಈ ಕಾಯ್ದೆಯ ಹೊರಗಿದ್ದಾರೆ. ಅವರ ಪಾಸ್‌ಬುಕ್ಕಿಗೋ ಎಟಿಎಂ ಕಾರ್ಡಿಗೋ ಮಾಲೀಕ ಕೈ ಹಾಕಿದರೆ ಏನು ಗತಿ? ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳಲ್ಲಿ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಬೇಕು. ನನ್ನ ಉತ್ತರ ಇಷ್ಟು: ಬಾಕಿ ಬಾಡಿಗೆ ಕೇಳುವುದು ಮಾಲೀಕರ ಹಕ್ಕು, ಮಾಸಾಶನ ಮುಟ್ಟುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ಮಾಲೀಕರ ಹಕ್ಕನ್ನು ಹಗುರವಾಗಿ ಕಾಣುವಂತಿಲ್ಲ. ಈ ಊರುಗಳಲ್ಲಿ ಮನೆ ಬಾಡಿಗೆಗೆ ಕೊಡುವವರೆಲ್ಲ ಶ್ರೀಮಂತರಲ್ಲ. ನಿವೃತ್ತಿಯ ಹಣದಲ್ಲಿ ಮೇಲೊಂದು ಮಹಡಿ ಕಟ್ಟಿಸಿದ ನೌಕರರಿದ್ದಾರೆ, ಗಂಡ ಬಿಟ್ಟುಹೋದ ಎರಡು ಪೋರ್ಷನ್‌ಗಳ ಬಾಡಿಗೆಯಲ್ಲೇ ಸಂಸಾರ ತೂಗಿಸುವ ವಿಧವೆಯರಿದ್ದಾರೆ. ಮನೆಗಂದಾಯ, ರಿಪೇರಿ, ಕಟ್ಟಡದ ಸಾಲದ ಕಂತು ಬಾಡಿಗೆ ಬರಲಿಲ್ಲವೆಂದು ನಿಲ್ಲುವುದಿಲ್ಲ. ಬಾಡಿಗೆ ಬಾಕಿಯಾದ ದಿನದಿಂದ 3 ವರ್ಷದೊಳಗೆ ದಾವೆ ಹೂಡಲು ಕಾಲಮಿತಿ ಕಾಯ್ದೆ ಅವಕಾಶ ಕೊಟ್ಟಿದೆ. ಬಾಡಿಗೆದಾರ ಅಂಗವಿಕಲ ಎಂಬ ಕಾರಣಕ್ಕೆ ಆ ಋಣ ಹರಿಯುವುದಿಲ್ಲ, ಹರಿಯಬೇಕೆಂದು ಸ್ವಾಭಿಮಾನಿಯಾದ ಯಾವ ಅಂಗವಿಕಲರೂ ಕೇಳುವುದಿಲ್ಲ. ಚರ್ಚೆ ಇರುವುದು ಬಾಕಿ ಯಾವ ಹಣದಿಂದ, ಯಾವ ದಾರಿಯಲ್ಲಿ ವಸೂಲಾಗಬೇಕು ಎಂಬುದರ ಬಗ್ಗೆ.

ಮಾಸಾಶನದ ಮೊತ್ತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕರ್ನಾಟಕದಲ್ಲಿ ಶೇ 40ರಿಂದ 75ರವರೆಗಿನ ವೈಕಲ್ಯಕ್ಕೆ ನಿಗದಿಯಾದದ್ದು ತಿಂಗಳಿಗೆ 800 ರೂಪಾಯಿ, ಅದಕ್ಕೂ ತೀವ್ರವಾದ ವೈಕಲ್ಯಕ್ಕೆ 1,400 ರೂಪಾಯಿ. ಬಾಕಿ 24 ಸಾವಿರ ಎಂದಿಟ್ಟುಕೊಳ್ಳೋಣ. 800 ರೂಪಾಯಿಯನ್ನು ಒಂದು ಪೈಸೆಯೂ ಉಳಿಸದೆ ಮಾಲೀಕರಿಗೆ ಕೊಟ್ಟರೂ ಬಾಕಿ ತೀರಲು ಎರಡೂವರೆ ವರ್ಷ ಬೇಕು. ಆ ಎರಡೂವರೆ ವರ್ಷ ಆ ವ್ಯಕ್ತಿ ಮಾತ್ರೆಗೆ, ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋಗಿಬರುವ ಬಸ್ಸು–ಆಟೊ ಖರ್ಚಿಗೆ, ನ್ಯಾಯಬೆಲೆ ಅಂಗಡಿಯ ಅಕ್ಕಿಯ ಜೊತೆಗೆ ಬೇಕಾಗುವ ಎಣ್ಣೆ–ಬೇಳೆಗೆ ಏನು ಮಾಡಬೇಕು? ಕೊನೆಗೆ ಆ ಹೊರೆ ವಯಸ್ಸಾದ ತಾಯಿಯ ಮೇಲೋ ಕೂಲಿಗೆ ಹೋಗುವ ತಮ್ಮನ ಮೇಲೋ ಬೀಳುತ್ತದೆ. ಒಬ್ಬರ ಬಾಕಿ ತೀರಿಸಲು ಒಂದು ಮನೆಯನ್ನೇ ಸಾಲಕ್ಕೆ ನೂಕುವ ವಸೂಲಿಯಿಂದ ಮಾಲೀಕರಿಗೂ ಹಿತವಿಲ್ಲ.

ಇದು ಬರೀ ಕರುಣೆಯ ಮಾತೂ ಅಲ್ಲ. 1871ರ ಪಿಂಚಣಿ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಹಿಂದಿನ ಸೇವೆಗಾಗಿ ಮಾತ್ರವಲ್ಲದೆ, ಈಗಿರುವ ಅಶಕ್ತತೆಗಾಗಿ ಅಥವಾ ಅನುಕಂಪದ ಭತ್ಯೆಯಾಗಿ ಸರ್ಕಾರ ಕೊಡುವ ಪಿಂಚಣಿಯನ್ನೂ ಸಾಲ ಕೊಟ್ಟವರ ಮೊರೆಯ ಮೇಲೆ ನ್ಯಾಯಾಲಯ ಜಪ್ತಿ ಮಾಡುವಂತಿಲ್ಲ ಎನ್ನುತ್ತದೆ ಅದರ 11ನೇ ಕಲಂ. ಮುಂದೆ ಬರಲಿರುವ ಪಿಂಚಣಿಯನ್ನು ಇನ್ನೊಬ್ಬರಿಗೆ ಬರೆದುಕೊಟ್ಟರೆ ಆ ಪತ್ರಕ್ಕೆ ಬೆಲೆಯಿಲ್ಲ ಎನ್ನುತ್ತದೆ 12ನೇ ಕಲಂ. ಅಂಗವಿಕಲರ ಮಾಸಾಶನಕ್ಕೆ ಇದಕ್ಕಿಂತ ನೇರವಾಗಿ ಅನ್ವಯಿಸುವ ಮಾತು ಬೇಕೆ? ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ವಸಾಹತು ಸರ್ಕಾರಕ್ಕೇ ಹೊಳೆದಿದ್ದ ನ್ಯಾಯವಿದು. ನಿವೃತ್ತರ ಪಿಂಚಣಿ ಕೈಗೆ ಬಂದ ಮೇಲೂ ಜಪ್ತಿಯಿಂದ ರಕ್ಷಣೆ ಕಳೆದುಕೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ ರಾಧೇಶ್ಯಾಮ್ ಗುಪ್ತಾ ಪ್ರಕರಣದಲ್ಲಿ 2008ರಲ್ಲಿ ಹೇಳಿತು. ಸಂಬಳ ಪಡೆದು ನಿವೃತ್ತರಾದವರಿಗೆ ಇರುವ ಈ ನ್ಯಾಯ, ದುಡಿಯಲಾಗದವರ 800 ರೂಪಾಯಿಗೆ ಇಲ್ಲವೆನ್ನಲು ಕಾರಣವೇ ಕಾಣುವುದಿಲ್ಲ. ತೀರಿಸುವ ಶಕ್ತಿಯೇ ಇಲ್ಲದವರನ್ನು ಸಾಲಕ್ಕಾಗಿ ಸಿವಿಲ್ ಜೈಲಿಗೆ ಕಳಿಸಬಾರದೆಂದು ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1980ರಲ್ಲೇ ಬರೆದಿದ್ದಾರೆ. ನ್ಯಾಯಾಲಯವೇ ಮಾಡಬಾರದ್ದನ್ನು ಮಾಲೀಕರೊಬ್ಬರು ಬೀದಿಯಲ್ಲಿ ನಿಂತು ಮಾಡಲು ಬರುತ್ತದೆಯೇ? ಸಾರ್ವಜನಿಕರ ಎದುರು ಅಂಗವಿಕಲರನ್ನು ಅವಮಾನಿಸುವ ಉದ್ದೇಶದಿಂದ ಬೈಯುವುದು, ಬೆದರಿಸುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಂ ಪ್ರಕಾರ 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆಯಾಗಬಲ್ಲ ಅಪರಾಧ.

ಹಾಗಾದರೆ ಮಾಲೀಕರು ಕೈ ಕಟ್ಟಿ ಕೂರಬೇಕೆ ಎಂಬ ಆಕ್ಷೇಪ ಸಹಜ. ಕೂರಬೇಕಾಗಿಲ್ಲ. ಅಡ್ವಾನ್ಸ್ ಹಣ ಕೈಯಲ್ಲಿದ್ದರೆ ಬಾಕಿಯನ್ನು ಅದರಲ್ಲಿ ಹಿಡಿದುಕೊಳ್ಳಬಹುದು. ಬಾಡಿಗೆದಾರರಿಗೆ ಅಂಗಡಿಯ ಆದಾಯವೋ ಜಮೀನೋ ಇದ್ದರೆ ಡಿಕ್ರಿ ಪಡೆದು ಅದರಿಂದ ವಸೂಲಿ ಮಾಡಬಹುದು. ಶಕ್ತಿಯಿದ್ದೂ ಕೊಡದವರಿಗೆ ಅಂಗವೈಕಲ್ಯದ ಪ್ರಮಾಣಪತ್ರ ಗುರಾಣಿಯಾಗಬಾರದು. ಶಕ್ತಿಯಿಲ್ಲದವರ ವಿಷಯದಲ್ಲಿ ಲೋಕ ಅದಾಲತ್ ಇದೆ. ದಾವೆ ಹೂಡುವ ಮೊದಲೇ ಅಲ್ಲಿ ಕೂತು ಬಾಕಿಯ ಒಂದು ಭಾಗ ಬಿಟ್ಟು, ಉಳಿದದ್ದಕ್ಕೆ ಕೈಲಾಗುವ ಕಂತು ಗೊತ್ತು ಮಾಡಿಕೊಂಡರೆ ಆ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲ ಬರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಅಂಗವಿಕಲರಿಗೂ ಮಹಿಳೆಯರಿಗೂ ಉಚಿತ ಕಾನೂನು ನೆರವು ಇದೆ. ಎಂದರೆ ಬಾಕಿ ಉಳಿಸಿಕೊಂಡ ಅಂಗವಿಕಲರಿಗೂ, ಬಾಕಿ ಕೇಳುವ ವಿಧವೆ ಮಾಲೀಕರಿಗೂ ವಕೀಲರ ಫೀಸಿನ ಚಿಂತೆಯಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮಾಸಾಶನ ಮುಟ್ಟುವಂತಿಲ್ಲ ಎಂದಾದರೆ ಅಂಗವಿಕಲರಿಗೆ ಮನೆಯನ್ನೇ ಯಾರೂ ಕೊಡುವುದಿಲ್ಲ ಎಂಬ ಭಯ ಅದು. ಭಯ ನಿಜವಾದದ್ದೇ. ಆದರೆ ಮಾಸಾಶನವನ್ನು ಒತ್ತೆಯಿಟ್ಟು ಆ ಭಯ ಹೋಗಲಾಡಿಸಲು ಆಗದು. ತಿಂಗಳ ಬಾಡಿಗೆಗೇ ಸಾಲದ ಹಣ ಯಾವ ಮಾಲೀಕರಿಗೂ ಭದ್ರತೆಯಾಗಲಾರದು. ಆ ಭದ್ರತೆ ಕೊಡಬೇಕಾದದ್ದು ಸರ್ಕಾರ. 2016ರ ಕಾಯ್ದೆಯ 24ನೇ ಕಲಂ ಪ್ರಕಾರ ಅಂಗವಿಕಲರ ನೆರವು ಇತರರ ಅಂಥದ್ದೇ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ ಮಾಸಾಶನದ ಮೊತ್ತ 1,200 ರೂಪಾಯಿ. ಆ ಲೆಕ್ಕದಲ್ಲಿ ಅಂಗವಿಕಲರಿಗೆ 1,500ಕ್ಕಿಂತ ಕಡಿಮೆ ಕೊಡುವಂತಿಲ್ಲ. 800 ಇರಲಿ, 1,400 ಕೂಡ ಆ ಗೆರೆ ಮುಟ್ಟುವುದಿಲ್ಲ. ಕೇಂದ್ರದ ಪಾಲಂತೂ 2012ರಿಂದ 300 ರೂಪಾಯಿಯಲ್ಲೇ ನಿಂತಿದೆ. ವಸತಿ ಯೋಜನೆಗಳಲ್ಲಿ ಶೇ 5ರಷ್ಟು ಮನೆಗಳನ್ನು ಅಂಗವಿಕಲರಿಗೆ ಮೀಸಲಿಡಬೇಕೆನ್ನುತ್ತದೆ ಅದೇ ಕಾಯ್ದೆಯ 37ನೇ ಕಲಂ. ಇವೆರಡೂ ಕಾಗದದಿಂದ ನೆಲಕ್ಕಿಳಿದರೆ ಬಾಡಿಗೆ ಬಾಕಿಯ ಜಗಳಗಳಲ್ಲಿ ದೊಡ್ಡ ಪಾಲು ಹುಟ್ಟುವುದೇ ಇಲ್ಲ. ಸರ್ಕಾರ ತಾನು ಕೊಡಬೇಕಾದದ್ದನ್ನು ಕೊಡದೆ, ಕಷ್ಟದಲ್ಲಿರುವ ಮಾಲೀಕರನ್ನೂ ಕಷ್ಟದಲ್ಲಿರುವ ಬಾಡಿಗೆದಾರರನ್ನೂ ಎದುರುಬದುರು ನಿಲ್ಲಿಸಿದೆ.

ಆದ್ದರಿಂದ ಆಗಬೇಕಾದ ಕೆಲಸ ಮೂರು. 2025ರ ಕಾಯ್ದೆ ಸಾಲಗಾರರಿಗೆ ಕೊಟ್ಟ ರಕ್ಷಣೆಯನ್ನು ಬಾಡಿಗೆ ಬಾಕಿ ಇರುವವರಿಗೂ ವಿಸ್ತರಿಸಬೇಕು. 2024ರ ಮೇ ತಿಂಗಳಲ್ಲಿ ಬರ ಪರಿಹಾರದ ಹಣವನ್ನು ಸಾಲಕ್ಕೆ ಮುರಿದುಕೊಳ್ಳಬೇಡಿ ಎಂದು ಬ್ಯಾಂಕುಗಳಿಗೆ ಹೇಳಿದ ಸರ್ಕಾರ, ಮಾಸಾಶನದ ಖಾತೆಗೂ ಅದೇ ಮಾತನ್ನು ಕಾಯಂ ಆದೇಶವಾಗಿ ಹೊರಡಿಸಬೇಕು. ಮಾಸಾಶನವನ್ನು ಕಾಯ್ದೆ ಹೇಳುವ ಮಟ್ಟಕ್ಕೆ ಏರಿಸಿ, ಸ್ವಂತ ಸೂರಿಲ್ಲದ ಅಂಗವಿಕಲರಿಗೆ ಮನೆ ಸಿಗುವವರೆಗೆ ಬಾಡಿಗೆ ನೆರವು ನೀಡಬೇಕು. ಅಲ್ಲಿಯವರೆಗೆ ಮಂಡ್ಯ, ಮದ್ದೂರು, ಮಳವಳ್ಳಿಯ ಮನೆ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೆ: ನಿಮ್ಮ ಬಾಕಿ ಕೇಳಿ, ಲೋಕ ಅದಾಲತ್‌ನಲ್ಲಿ ಕೇಳಿ. ಬಾಡಿಗೆದಾರರ ಪಾಸ್‌ಬುಕ್ ನಿಮ್ಮ ಬೀರುವಿನಲ್ಲಿದ್ದರೆ ಇಂದೇ ಹಿಂದಿರುಗಿಸಿ.