ಹೊಟ್ಟೆ ಮೇಲೆ ನಾಲ್ಕು ತೂತು, ರಜೆ ಎಷ್ಟು ದಿನ?



ಈ ಸಲ ಪಾಠ, ಪರೀಕ್ಷೆ, ಪಠ್ಯಪುಸ್ತಕದ ಮಾತು ಬಿಟ್ಟು ಬೇರೆ ಒಂದು ವಿಷಯ ಬರೆಯುತ್ತಿದ್ದೇವೆ. ಸ್ಟಾಫ್ ರೂಮಿನಲ್ಲಿ ಗಂಡಸರು ಎದ್ದು ಹೋದ ಮೇಲಷ್ಟೇ ನಮ್ಮ ಹೆಣ್ಣುಮಕ್ಕಳು ಮಾತಾಡುವ ವಿಷಯ... ಗರ್ಭಕೋಶದ ಆಪರೇಷನ್. ಅದರಲ್ಲೂ ನಮ್ಮ ಕಡೆ "ದುರ್ಬೀನ್ ಆಪರೇಷನ್" ಅಂತಾರಲ್ಲ, ಹೊಟ್ಟೆ ಕೊಯ್ಯದೆ ಮೂರು ನಾಲ್ಕು ಸಣ್ಣ ತೂತು ಮಾಡಿ ಒಳಗೆ ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪರೋಸ್ಕೋಪಿ, ಅದು. ಅದಾದ ಮೇಲೆ ಎಷ್ಟು ದಿನ ರಜೆ ಬೇಕು, ಆ ರಜೆಯ ತಯಾರಿ ಹೇಗೆ ಮಾಡಬೇಕು ಅನ್ನೋದೇ ಇವತ್ತಿನ ಮಾತು. ಗಂಡು ಶಿಕ್ಷಕರೂ ದಯವಿಟ್ಟು ಪೂರ್ತಿ ಓದಿರಿ. ರಜೆ ಅರ್ಜಿ ಮೇಲೆ ಸಹಿ ಮಾಡುವವರು ಹೆಚ್ಚಾಗಿ ನೀವೇ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ.

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಆದ ಮೇಲೆ ಡಾಕ್ಟರಮ್ಮ ಸ್ಕ್ಯಾನಿಂಗ್ ನೋಡಿ, ಗರ್ಭಕೋಶದಲ್ಲಿ ಗಡ್ಡೆಗಳಿವೆ, ಮಾತ್ರೆಗೆ ಬಗ್ಗುತ್ತಿಲ್ಲ, ತೆಗೆಸಬೇಕು ಎಂದರು. ನಾವು ಆಗ ಲೆಕ್ಕ ಹಾಕಿದ್ದು ಹೊಟ್ಟೆಯದಲ್ಲ, ಶಾಲೆಯದು. ಶಾಲೆಯಲ್ಲಿ ಕನ್ನಡ ಮಾಧ್ಯಮಕ್ಕೆ ಇರುವವರು ನಾವೊಬ್ಬರೇ. ನಾವು ರಜೆ ಹಾಕಿದರೆ ಮಂಡಲದಿಂದ ಯಾರನ್ನಾದರೂ ಕಳಿಸುತ್ತಾರೆ, ಅವರಿಗೆ ತೆಲುಗು ಬರುತ್ತದೆ, ಕನ್ನಡ ಅಕ್ಷರ ಬರುವುದಿಲ್ಲ. ಮಕ್ಕಳು ಕೈಕಟ್ಟಿ ಕೂಡಬೇಕು. ಅಷ್ಟರಲ್ಲಿ ಯಾರಾದರೂ ಒಬ್ಬ ತಂದೆ "ಟೀಚರೇ ಇಲ್ಲಂದ್ರ ಇಲ್ಲ್ಯಾಕ ಇರಬೇಕು" ಅಂತ ಮಗನನ್ನು ಪ್ರೈವೇಟ್ ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿಸಿದರೆ, ಅವನ ಹಿಂದೆ ಇನ್ನೂ ನಾಲ್ಕು ಮಕ್ಕಳು. ಸಂಖ್ಯೆ ಇಳಿದರೆ ಮುಂದೇನಾಗುತ್ತದೆ ಎಂಬುದು ಕೃಷ್ಣಾ, ಮಾಗನೂರು, ಮಕ್ತಲ್ ಕಡೆಯ ಕನ್ನಡ ಶಾಲೆಯವರಿಗೆ ನಾವು ಹೇಳಬೇಕಾಗಿಲ್ಲ.

ಹಾಗಾಗಿ ಬೇಸಿಗೆ ರಜೆಯವರೆಗೆ ತಳ್ಳಿದೆವು. ಐದು ತಿಂಗಳು ರಕ್ತಸ್ರಾವ ಸಹಿಸಿಕೊಂಡು ಪಾಠ ಮಾಡಿದೆವು. ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದ ಮೇಲೆ ಹೋದರೆ ಹಿಮೋಗ್ಲೋಬಿನ್ ಎಂಟರ ಕೆಳಗೆ ಇಳಿದಿತ್ತು. "ಈ ರಕ್ತದಾಗ ಹೆಂಗ ಆಪರೇಷನ್ ಮಾಡ್ಲಿ ತಾಯಿ?" ಎಂದರು. ಎರಡು ಬಾಟಲಿ ರಕ್ತ, ಕಬ್ಬಿಣಾಂಶದ ಔಷಧ, ಹೀಗೆ ಆಪರೇಷನ್ ಮೇ 20ಕ್ಕೆ ಹೋಯಿತು. ಜೂನ್ 12ಕ್ಕೆ ಶಾಲೆ ತೆರೆಯಿತು. 23 ದಿನ. ಹೊಟ್ಟೆ ಮೇಲಿನ ಗಾಯ ಒಣಗಿತ್ತು, ನಡೆಯಲು ಬರುತ್ತಿತ್ತು, ನಾವು ಹೋಗಿಯೇಬಿಟ್ಟೆವು. ಆ ವಾರ ಪುಸ್ತಕಗಳ ಕಟ್ಟು ಬಂದವು. ಮಕ್ಕಳಿಗೆ ಹಂಚುವ ಉಮೇದಿನಲ್ಲಿ ಆಟೋದಿಂದ ಎರಡು ಕಟ್ಟು ನಾವೇ ಇಳಿಸಿದೆವು. ಸಂಜೆಗೆ ರಕ್ತ ಕಂಡಿತು. ಹೊರಗಿನ ಗಾಯ ಮಾಗಿದರೂ ಒಳಗಿನ ಹೊಲಿಗೆ ಇನ್ನೂ ಗಟ್ಟಿ ಆಗಿರಲಿಲ್ಲ. ಮತ್ತೆ ಆಸ್ಪತ್ರೆ, ಮತ್ತೆ ಇಪ್ಪತ್ತು ದಿನ ಹಾಸಿಗೆ. ಅದೂ ಶಾಲೆ ತೆರೆದ ಹೊಸದರಲ್ಲಿ, ಯಾವ ತಯಾರಿಯೂ ಇಲ್ಲದೆ!

ಅಂದರೆ ನಾವು ಉಳಿಸಿದ್ದೇನು? ಒಂದು ದಿನವೂ ಉಳಿಸಲಿಲ್ಲ. ಮಕ್ಕಳ ಪಾಠ ಹೋದದ್ದು ಹೋಯಿತು, ಜೊತೆಗೆ ನಮ್ಮ ಐದು ತಿಂಗಳ ರಕ್ತವೂ ಹೋಯಿತು.

ಆ ಹಾಸಿಗೆ ಮೇಲೆ ಮಲಗಿದಾಗ ಒಂದು ಸಂಗತಿ ಗೊತ್ತಾಯಿತು. ನೋಡಲು ಬಂದ ಸಂಘದ ಹಿರಿಯ ಗೆಳತಿಯೊಬ್ಬರು "ಟೀಚರ್, ನಲವತ್ತೈದು ದಿನದ ಸ್ಪೆಷಲ್ ರಜೆ ಹಾಕ್ಕೊಂಡ್ರೇನ್ರಿ?" ಎಂದು ಕೇಳಿದರು. ಯಾವ ರಜೆ? ನಮಗೆ ಗೊತ್ತೇ ಇರಲಿಲ್ಲ. ಸಂಯುಕ್ತ ಆಂಧ್ರದ ಕಾಲದಲ್ಲಿ, 2011ರ ಏಪ್ರಿಲ್ 1ರಂದು ಹಣಕಾಸು ಇಲಾಖೆ ಹೊರಡಿಸಿದ ಜಿ.ಓ.ಎಂ.ಎಸ್. ನಂಬರ್ 52ರ ಪ್ರಕಾರ, ಗರ್ಭಕೋಶ ತೆಗೆಸಿಕೊಂಡ ಮಹಿಳಾ ನೌಕರರಿಗೆ ಸಿವಿಲ್ ಸರ್ಜನ್ ಶಿಫಾರಸಿನ ಮೇಲೆ 45 ದಿನದವರೆಗೆ ಸ್ಪೆಷಲ್ ಕ್ಯಾಶುಯಲ್ ಲೀವ್ ಇದೆ. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೂ ಅದು ಮುಂದುವರಿದಿದೆ. ಅದು ನಮ್ಮ ಖಾತೆಯ ಬೇರೆ ರಜೆಗೆ ಕೈಹಚ್ಚುವುದಿಲ್ಲ. ಇಪ್ಪತ್ತು ವರ್ಷ ಸರ್ವಿಸ್ ಮಾಡಿದ ನಮಗೇ ಇದು ಗೊತ್ತಿಲ್ಲ ಅಂದರೆ ಹೊಸದಾಗಿ ಬಂದವರ ಗತಿ ಏನು?

45 ದಿನ ಅಂದರೆ ಆರು ವಾರ ಮೂರು ದಿನ. ಈಗ ವೈದ್ಯರ ಲೆಕ್ಕ ನೋಡಿರಿ. ದುರ್ಬೀನಿನಿಂದ ಗರ್ಭಕೋಶ ತೆಗೆದರೆ ಆಸ್ಪತ್ರೆಯಲ್ಲಿ ಒಂದೆರಡು ದಿನ, ಕೆಲವರಿಗೆ ನಾಲ್ಕು. ಕುಳಿತು ಮಾಡುವ ಹಗುರ ಕೆಲಸ ಎರಡರಿಂದ ನಾಲ್ಕು ವಾರಕ್ಕೆ ಆದೀತು. ಪೂರ್ತಿ ಕೆಲಸಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಹೊಟ್ಟೆ ಕೊಯ್ದು ಮಾಡಿದರೆ ಆರರಿಂದ ಎಂಟು ವಾರ. ಭಾರ ಎತ್ತುವುದು ಮಾತ್ರ ಯಾವುದಾದರೂ ಸರಿ, ಆರು ವಾರ ಬೇಡವೇ ಬೇಡ. ಇನ್ನು ಗರ್ಭಕೋಶ ತೆಗೆಯದೆ ಬರೀ ಒಳಗೆ ನೋಡಿ ಬಿಡುವ ಲ್ಯಾಪರೋಸ್ಕೋಪಿ ಆದರೆ ಒಂದು ವಾರದ ಆಚೀಚೆ ಸಾಕಾಗುತ್ತದೆ. ನಿಮಗೆ ಆದದ್ದು ಯಾವುದು ಎಂದು ಡಾಕ್ಟರನ್ನು ಬಿಡಿಸಿ ಕೇಳಿರಿ. "ಲ್ಯಾಪ್ರೋ" ಎಂಬ ಒಂದೇ ಮಾತಿನಲ್ಲಿ ಹತ್ತು ತರಹದ ಆಪರೇಷನ್ ಇವೆ.

ಟೀಚರ್ ಕೆಲಸ ಕುಳಿತು ಮಾಡುವ ಕೆಲಸ ಎನ್ನುವವರು ಒಂದು ದಿನ ನಮ್ಮ ಶಾಲೆಗೆ ಬರಲಿ. ಮಕ್ತಲ್‌ನಿಂದ ಬಸ್ಸು, ಅಲ್ಲಿಂದ ಆಟೋ, ಹತ್ತಿ ಹೊಲದ ನಡುವಿನ ತಗ್ಗು ದಿನ್ನೆಯ ದಾರಿ. ಬಂದ ಮೇಲೆ ಪ್ರಾರ್ಥನೆಗೆ ನಿಲ್ಲಬೇಕು, ಎರಡು ಮೂರು ತರಗತಿ ಒಟ್ಟಿಗೆ ಹಿಡಿಯಬೇಕು, ಊಟದ ಹೊತ್ತಿಗೆ ಸಾಲು ನಿಲ್ಲಿಸಬೇಕು. ಒಂದನೆಯ ತರಗತಿಯ ಮಗು ಬಿದ್ದು ಅತ್ತರೆ ಎತ್ತಿಕೊಳ್ಳದೆ ಇರಲಾಗುತ್ತದೆಯೇ? ಅದಕ್ಕೇ ನಾವು ಹೇಳುವುದು, ಶಿಕ್ಷಕಿಗೆ ಆರು ವಾರ. ಅದರಲ್ಲಿ ಚೌಕಾಶಿ ಬೇಡ.

"ನಮ್ಮ ಅತ್ತಿಗಿ ಹದಿನೈದು ದಿನಕ್ಕ ಹೊಲಕ್ಕ ಹೋದ್ಲು, ನಿಮ್ಮದೇನ್ರಿ" ಎಂದು ಒಬ್ಬ ಸಹೋದ್ಯೋಗಿ ನಮ್ಮೆದುರೇ ಅಂದಿದ್ದರು. ಹೋದಳು ನಿಜ. ಹೋಗದಿದ್ದರೆ ಕೂಲಿ ಇಲ್ಲ, ಅದಕ್ಕೆ ಹೋದಳು. ಅವಳ ಸೊಂಟ ಈಗ ಹೇಗಿದೆ ಅಂತ ಯಾರಾದರೂ ಕೇಳಿದ್ದೀರಾ? ಒಬ್ಬಳ ಕಷ್ಟವನ್ನು ಇನ್ನೊಬ್ಬಳಿಗೆ ಅಳತೆಗೋಲು ಮಾಡಬಾರದು. ನಮ್ಮ ಶಾಲೆಯ ಬಿಸಿಯೂಟದ ಅಮ್ಮನಿಗೂ ಇದೇ ಆಪರೇಷನ್ ಆಗಿತ್ತು. ಅವರಿಗೆ 45 ದಿನದ ಆದೇಶ ಇಲ್ಲ. ಹನ್ನೆರಡನೆಯ ದಿನ ಅನ್ನದ ಗುಂಡಿ ಎತ್ತಲು ಬಂದರು. ಆಗ ನಾವು ಸುಮ್ಮನೆ ನೋಡಿದೆವು. ಅದು ಇಂದಿಗೂ ಚುಚ್ಚುತ್ತದೆ. ಆದೇಶ ಇರುವ ನಾವು ಅದನ್ನು ನಾಚಿಕೆಪಟ್ಟು ಬಿಟ್ಟುಕೊಟ್ಟರೆ, ಇಲ್ಲದವರಿಗೆ ಕೇಳುವ ಬಾಯಿ ಎಲ್ಲಿಂದ ಬರಬೇಕು?

ಇನ್ನೊಂದು ಮುಖ್ಯವಾದ ಮಾತು. ರಜೆ ಯೋಚನೆಗೆ ಮುಂಚೆ ಆಪರೇಷನ್ ನಿಜವಾಗಿ ಬೇಕೇ ಎಂದು ಕೇಳಿರಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶಕ್ಕೆಲ್ಲ ಸರಾಸರಿ ಶೇಕಡಾ 3ರ ಹತ್ತಿರ. ಆಂಧ್ರದಲ್ಲಿ ಸುಮಾರು 9, ನಮ್ಮ ತೆಲಂಗಾಣದಲ್ಲಿ 8ರ ಹತ್ತಿರ! ದೇಶದಲ್ಲೇ ಮುಂದೆ ಇರುವವರು ನಾವು. ಇದು ಹೆಮ್ಮೆಯ ಮಾತಲ್ಲ. ಬೇಡದ ಆಪರೇಷನ್ ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಮಾಡಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಹೆಚ್ಚು ರಕ್ತಸ್ರಾವಕ್ಕೆ ಮಾತ್ರೆ ಇದೆ, ಹಾರ್ಮೋನಿನ ವಂಕಿ ಇದೆ, ಕೆಲವರಿಗೆ ಗಡ್ಡೆ ಮಾತ್ರ ತೆಗೆದರೂ ಆಗುತ್ತದೆ. ಅಂಡಾಶಯವನ್ನೂ ತೆಗೆಯುತ್ತಾರೋ ಉಳಿಸುತ್ತಾರೋ ಎಂದು ತಪ್ಪದೆ ಕೇಳಿರಿ, ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆ ಅಂದೇ ಶುರು. ಮಹಬೂಬನಗರವೋ ರಾಯಚೂರೋ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಬನ್ನಿ. ಇಬ್ಬರೂ ಹೌದೆಂದರೆ ಆಮೇಲೆ ನಮ್ಮಂತೆ ತಡ ಮಾಡಬೇಡಿ.

ಈಗ ತಯಾರಿ. ತಾರೀಖು ಗೊತ್ತುಮಾಡುವಾಗ ಬೇಸಿಗೆ ರಜೆಗೆ ಕಾಯುವ ಚಾಳಿ ಬಿಡಿರಿ. ಕಾಯಬಹುದೋ ಇಲ್ಲವೋ ಡಾಕ್ಟರು ಹೇಳಲಿ, ಶಾಲೆಯ ಕ್ಯಾಲೆಂಡರ್ ಅಲ್ಲ. ಕಾಯುವುದೇ ಆದರೆ ಆ ದಿನಗಳಲ್ಲಿ ರಕ್ತ ಹೆಚ್ಚಿಸಿಕೊಳ್ಳಿರಿ. ನಮ್ಮಲ್ಲಿ ಬಹಳ ಜನ ಗಡಿ ದಾಟಿ, ದೇವಸೂಗೂರು ಸೇತುವೆ ದಾಟಿ ರಾಯಚೂರಿಗೆ ಹೋಗುತ್ತೇವೆ. ಭಾಷೆ ನಮ್ಮದು, ಊರು ಹತ್ತಿರ. ಆದರೆ ಆದೇಶದಲ್ಲಿ ಸಿವಿಲ್ ಸರ್ಜನ್ ಶಿಫಾರಸು ಎಂದಿದೆ. ಆಚೆ ರಾಜ್ಯದ ಆಸ್ಪತ್ರೆಯ ಕಾಗದ ಹೇಗಿರಬೇಕು, ಈ ಕಡೆ ಯಾರ ಸಹಿ ಬೇಕು ಎಂದು ಆಪರೇಷನ್‌ಗೆ ಮುಂಚೆಯೇ ಕಚೇರಿಯಲ್ಲಿ ಬರೆದುಕೊಟ್ಟು ಕೇಳಿರಿ. ಹೊಲಿಗೆ ಹೊತ್ತು ಮೆಟ್ಟಿಲು ಹತ್ತುವ ಗತಿ ಬರಬಾರದು. ಆರು ವಾರ ಸಾಲದೆ ಹೋದರೆ ಅರ್ಧ ವೇತನದ ರಜೆಯನ್ನು ಕಮ್ಯುಟ್ ಮಾಡಿಸಿಕೊಳ್ಳಬಹುದು, ವರ್ಷಕ್ಕೆ 20 ದಿನದಂತೆ ಅದು ನಮ್ಮ ಖಾತೆಯಲ್ಲಿ ಸೇರುತ್ತಾ ಬಂದಿರುತ್ತದೆ. ಸರ್ವಿಸ್ ಪುಸ್ತಕ ತೆರೆಸಿ ನೋಡಿರಿ.

ಮನೆಯ ತಯಾರಿಯೂ ಬೇಕು. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ನೆಲ ಒರೆಸುವುದು ಯಾರ ಪಾಲು ಎಂದು ಮೊದಲೇ ಕೂಡಿ ಮಾತಾಡಿರಿ. ಮನೆಯವರಿಗೂ ಆರು ವಾರ ಕೆಲಸ ಕಲಿಯಲು ಸಾಕು. ಒಳಗೆ ತುಂಬಿದ ಗಾಳಿಯಿಂದ ಎರಡು ಮೂರು ದಿನ ಭುಜ ನೋಯುತ್ತದೆ, ಹೆದರಬೇಡಿ. ಮಲಗಿಯೇ ಇರಬೇಡಿ, ದಿನಾ ಸ್ವಲ್ಪ ಸ್ವಲ್ಪ ನಡೆಯಿರಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ. ಜ್ವರ, ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ಜಾಸ್ತಿ ರಕ್ತ, ಮೂತ್ರಕ್ಕೆ ಉರಿ, ಒಂದು ಕಾಲು ಬಾತು ನೋಯುವುದು, ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ನಾಳೆ ಎನ್ನದೆ ಹೋಗಬೇಕು.

ಕೊನೆಗೆ ಶಾಲೆ. ನಮ್ಮ ಭಯ ಸುಳ್ಳಲ್ಲ, ಒಬ್ಬ ಕನ್ನಡ ಟೀಚರ್ ಹೋದರೆ ಶಾಲೆ ಅಲ್ಲಾಡುತ್ತದೆ. ಆದರೆ ಆ ಭಾರ ಒಬ್ಬ ಹೆಣ್ಣುಮಗಳ ಹೊಟ್ಟೆಯ ಹೊಲಿಗೆಯ ಮೇಲೆ ನಿಲ್ಲಬಾರದು. ಒಂದು ತಿಂಗಳು ಮುಂಚೆ ಗೊತ್ತಿದ್ದರೆ ದಾರಿ ಇದೆ. ಯಾವ ಪಾಠ ಆಯಿತು, ಯಾವ ಮಗು ಎಲ್ಲಿ ತೊಡರುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಪಕ್ಕದ ಊರಿನ ಕನ್ನಡ ಶಿಕ್ಷಕರು ವಾರಕ್ಕೆ ಎರಡು ದಿನವಾದರೂ ಡೆಪ್ಯುಟೇಷನ್ ಮೇಲೆ ಬರಲು ಆಗುತ್ತದೆಯೇ ಎಂದು ಎಂ.ಇ.ಓ. ಅವರನ್ನು ಕೇಳಬಹುದು. ಊರಿನಲ್ಲಿ ಕನ್ನಡ ಓದಿದ ಹುಡುಗಿಯರು ಇದ್ದಾರೆ, ಪಾಲಕರ ಸಮಿತಿ ಕರೆದು ಮಾತಾಡಬಹುದು. ಹೇಳದೆ ಕೇಳದೆ ಮಾಯವಾದ ಟೀಚರಿಗಿಂತ, "ಇಂಥ ತಾರೀಖಿಗೆ ಹೋಗ್ತೀನಿ, ಇಂಥ ತಾರೀಖಿಗೆ ಬರ್ತೀನಿ" ಎಂದು ಹೇಳಿ ಹೋದ ಟೀಚರನ್ನು ಪಾಲಕರು ನಂಬುತ್ತಾರೆ.

ಅಧಿಕಾರಿಗಳಿಗೆ ನಮ್ಮದು ಒಂದೇ ಬೇಡಿಕೆ. 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಯಾಯಿತು, ಕಚೇರಿ ಹತ್ತಿರ ಬಂತು. ಈಗಲಾದರೂ ಕನ್ನಡ ಬಲ್ಲ ಬದಲಿ ಶಿಕ್ಷಕರ ಒಂದು ಪಟ್ಟಿ ಜಿಲ್ಲೆಯಲ್ಲಿ ಇರಲಿ. ಹೆರಿಗೆ ಇರಲಿ, ಆಪರೇಷನ್ ಇರಲಿ, ಅಪಘಾತ ಇರಲಿ, ಆ ಪಟ್ಟಿಯಿಂದ ಒಬ್ಬರು ಬರಲಿ. ಗದ್ವಾಲ ಕಡೆಯವರಿಗೂ ಇದು ಬೇಕಾದದ್ದೇ.

ನಮ್ಮ ಗೆಳತಿಯೊಬ್ಬರಿಗೆ ಬರುವ ತಿಂಗಳು ಆಪರೇಷನ್ ಇದೆ. ಬೇಸಿಗೆಗೆ ಹಾಕುತ್ತೇನೆ ಎಂದಿದ್ದರು. ನಾವು ನಮ್ಮ ಕಥೆ ಹೇಳಿದೆವು. ಮೊನ್ನೆ ಅವರು ಅರ್ಜಿಯಲ್ಲಿ 45 ಎಂದು ಅಂಕಿ ಬರೆದು, ಪಕ್ಕದಲ್ಲಿ ಅಕ್ಷರದಲ್ಲೂ ಬರೆದು ಕೊಟ್ಟು ಬಂದರು. ಅವರ ತರಗತಿಗೆ ವಾರದಲ್ಲಿ ಎರಡು ದಿನ ನಾವು ಹೋಗುತ್ತೇವೆ ಎಂದು ನಾವೂ ಬರೆದುಕೊಟ್ಟಿದ್ದೇವೆ.

ನಿಮ್ಮ ಶಾಲೆಯಲ್ಲಿ ಏನು ನಡೆದಿದೆ? ಬರೆದು ತಿಳಿಸಿ.