ಆಕಾಶಮಾರ್ಗದ ಯಾತ್ರೆ ಮತ್ತು ನಮ್ಮ ಹೊಣೆ

ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಶ್ರಾವಕರು ಸಮ್ಮೇದಶಿಖರಜಿಗೆ ಹಿಂದೆ ರೈಲಿನಲ್ಲಿ ದಿನಗಟ್ಟಲೆ ಪ್ರಯಾಣ ಮಾಡುತ್ತಿದ್ದರು. ಈಗ ಬೆಂಗಳೂರಿನಿಂದ ರಾಂಚಿಗೋ ಕೋಲ್ಕತ್ತಕ್ಕೋ ವಿಮಾನದಲ್ಲಿ ಹೋಗಿ ಮುಂದೆ ರಸ್ತೆ ಹಿಡಿಯುವ ಅನುಕೂಲ ಒದಗಿದೆ. ಸಂತೋಷವೇ. ಆದರೆ ಹೀಗೆ ಹೊರಡುವವರಲ್ಲಿ ವೃದ್ಧರು ಅನೇಕರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಉಳ್ಳವರೂ ಉಂಟು. ನಡು ಆಕಾಶದಲ್ಲಿ ಇವರಲ್ಲೊಬ್ಬರು ಕುಸಿದು ಬಿದ್ದರೆ ಏನು ಮಾಡುವಿರೆಂದು ಯಾತ್ರೆ ಏರ್ಪಡಿಸುವವರನ್ನು ಕೇಳಿದರೆ, "ಅವರವರ ಕರ್ಮೋದಯ, ನಮ್ಮ ಕೈಯಲ್ಲೇನಿದೆ?" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇದು ಸಿದ್ಧಾಂತವಲ್ಲ, ಸೋಮಾರಿತನ. ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನವು ವಿಷ್ಣುವರ್ಧನನ ದಂಡನಾಯಕ ಪುಣಿಸನನ್ನು ಹೊಗಳುವುದು ಬರಿಯ ಶೌರ್ಯಕ್ಕಲ್ಲ. ನಷ್ಟಹೊಂದಿದ ವರ್ತಕರಿಗೆ, ಬಿತ್ತಲು ಬೀಜವಿಲ್ಲದ ರೈತರಿಗೆ ಆತನು ಬೇಕಾದುದನ್ನು ಕೊಟ್ಟು ನಿಲ್ಲಿಸಿದನೆಂದು ಅದು ಸಾರುತ್ತದೆ. ಅವರ ಕರ್ಮೋದಯವೆಂದು ಪುಣಿಸನೂ ಸುಮ್ಮನಿರಬಹುದಾಗಿತ್ತಲ್ಲವೆ?

ವಿಮಾನದೊಳಗಿನ ಸ್ಥಿತಿಯನ್ನು ನಾವು ಮೊದಲು ಅರಿಯಬೇಕು. ಹಾರಾಟದ ವೇಳೆ ಅಲ್ಲಿನ ಗಾಳಿಯ ಒತ್ತಡವು ಸುಮಾರು 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು ಮಾತ್ರ. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟವಾದರೋ ಸುಮಾರು 1450 ಮೀಟರ್. ಎಂದರೆ ಗುಂಡ್ಲುಪೇಟೆಯಲ್ಲಿದ್ದ ವೃದ್ಧರೊಬ್ಬರನ್ನು ಅರ್ಧ ಗಂಟೆಯೊಳಗೆ ಊಟಿಯ ಎತ್ತರದಲ್ಲಿ ಕೂರಿಸಿದಂತೆ. ಗಾಳಿಯೂ ಬಹಳ ಒಣಗಿರುತ್ತದೆ. ಗಟ್ಟಿ ಆರೋಗ್ಯದವರಿಗೆ ಇದು ತಿಳಿಯುವುದೇ ಇಲ್ಲ. ಹೃದಯ, ಶ್ವಾಸಕೋಶ ದುರ್ಬಲವಾಗಿರುವವರಿಗೆ ತಿಳಿಯುತ್ತದೆ.

ಆಪತ್ತು ಬಂದಾಗ ವಿಮಾನದ ಸಿಬ್ಬಂದಿ ತಮ್ಮ ಕೈಲಾದುದನ್ನು ಮಾಡುತ್ತಾರೆ. ರೋಗಿಯನ್ನು ಮಲಗಿಸಿ, ಆಮ್ಲಜನಕ ಕೊಟ್ಟು, ಪ್ರಯಾಣಿಕರಲ್ಲಿ ವೈದ್ಯರಿದ್ದಾರೆಯೇ ಎಂದು ಕೂಗಿ ಕೇಳುತ್ತಾರೆ. ಬೇರೆ ನಿಲ್ದಾಣದಲ್ಲಿ ಇಳಿಸುವ ತೀರ್ಮಾನ ಮುಖ್ಯ ಚಾಲಕನದು. ಐದು ವಿಮಾನ ಸಂಸ್ಥೆಗಳ ಸುಮಾರು 12 ಸಾವಿರ ಪ್ರಕರಣಗಳನ್ನು ಪರಿಶೀಲಿಸಿ 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಂತೆ, ಸಹಪ್ರಯಾಣಿಕ ವೈದ್ಯರ ನೆರವು ದೊರೆತದ್ದು ನೂರಕ್ಕೆ 48ರಲ್ಲಿ ಮಾತ್ರ. 2023ರ ಆಗಸ್ಟ್ 27ರಂದು ಬೆಂಗಳೂರಿನಿಂದ ದೆಹಲಿಗೆ ಹೊರಟ ವಿಮಾನದಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯಾಗಿದ್ದ ಶಿಶುವೊಂದರ ಉಸಿರು ನಿಂತಿತು. ಅದೇ ವಿಮಾನದಲ್ಲಿದ್ದ ದೆಹಲಿಯ ಏಮ್ಸ್‌ನ ಐವರು ವೈದ್ಯರು ಮುಕ್ಕಾಲು ಗಂಟೆ ಹೆಣಗಿ ಹೃದಯದ ಮಿಡಿತವನ್ನು ಮರಳಿ ತಂದರು. ವಿಮಾನ ನಾಗಪುರದಲ್ಲಿ ಇಳಿಯಿತು. ಅಷ್ಟಾದರೂ ಕೆಲವೇ ದಿನಗಳಲ್ಲಿ ಆ ಮಗು ಆಸ್ಪತ್ರೆಯಲ್ಲಿ ತೀರಿಕೊಂಡಿತು. ಐವರು ವೈದ್ಯರು ಜತೆಗಿದ್ದಾಗಲೇ ಹೀಗೆ.

ಅದೇ ಅಧ್ಯಯನದಲ್ಲಿ ನೂರಕ್ಕೆ 37 ಪ್ರಕರಣಗಳು ತಲೆಸುತ್ತು, ಮೂರ್ಛೆಯವು. ಇಲ್ಲಿ ನಮ್ಮವರ ವಿಷಯ ಬರುತ್ತದೆ. ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ಹಿರಿಯರಿಗೆ, ಟಿಕೆಟ್ ಅಗ್ಗವೆಂದು ರಾತ್ರಿಯ ವಿಮಾನವನ್ನೇ ಗೊತ್ತುಮಾಡುವ ಟ್ರಸ್ಟುಗಳಿವೆ! ವ್ರತವನ್ನು ನಾನು ಆಕ್ಷೇಪಿಸುತ್ತಿಲ್ಲ. ವ್ರತಿಯ ದೇಹದ ಬಗೆಗಿನ ಈ ಅಲಕ್ಷ್ಯವನ್ನು ಆಕ್ಷೇಪಿಸುತ್ತೇನೆ. ಉಪವಾಸದ ದಿನ ಎಂದಿನಂತೆ ಸಕ್ಕರೆಯ ಮಾತ್ರೆ ನುಂಗಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು, ಬಿಟ್ಟರೆ ಏರಬಹುದು. ಇದನ್ನು ವೈದ್ಯರಲ್ಲಿ ಕೇಳಬೇಕಾದುದು ಮನೆಯಲ್ಲಿದ್ದಾಗಲೇ ಹೊರತು ಮೋಡದ ಮೇಲಲ್ಲ.

ಮನೆಯವರ ತಪ್ಪೂ ಕಡಿಮೆಯಲ್ಲ. ಹತ್ತಗೊಡಿಸಲಾರರೆಂಬ ಭಯದಿಂದ ತಂದೆತಾಯಿಯರ ಹೃದ್ರೋಗವನ್ನು ವಿಮಾನ ಸಂಸ್ಥೆಗೆ ತಿಳಿಸದೆ ಮುಚ್ಚಿಡುವುದು ಸತ್ಯಾಣುವ್ರತಿಗಳಿಗೆ ತಕ್ಕುದೆ? ಔಷಧಗಳನ್ನು ಸರಕಿನೊಡನೆ ಹೋಗುವ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಕಳುಹಿಸುತ್ತಾರೆ. ಬೇಕಾದಾಗ ಅದು ಕಾಲಡಿಯ ಕೋಣೆಯಲ್ಲಿ ಭದ್ರವಾಗಿರುತ್ತದೆ.

ಆದುದರಿಂದ ಟ್ರಸ್ಟಿನವರು ಯಾತ್ರೆಯ ಅರ್ಜಿಯಲ್ಲಿ ಗೋತ್ರ, ವಿಳಾಸಗಳ ಜತೆಗೆ ರೋಗ ಮತ್ತು ಔಷಧಗಳ ವಿವರವನ್ನೂ ಕೇಳಲಿ. ಹಗಲಿನ ವಿಮಾನವನ್ನೇ ಗೊತ್ತುಮಾಡಲಿ. ಹೆಚ್ಚಿನ ಹಣವನ್ನು ಔಷಧದಾನದ ಲೆಕ್ಕಕ್ಕೆ ಬರೆದುಕೊಂಡರೂ ಸರಿಯೆ. ಎದೆಯೊತ್ತುವ ಪ್ರಥಮ ಚಿಕಿತ್ಸೆ ಕಲಿತ ಇಬ್ಬರು ಯುವಕರು ಪ್ರತಿ ತಂಡದಲ್ಲಿರಲಿ. ನಮ್ಮ ಗುಂಡ್ಲುಪೇಟೆಯ ಅಜ್ಜಿಗೆ ಹಿಂದಿಯೂ ಬಾರದು, ಇಂಗ್ಲಿಷೂ ಬಾರದು. ಎದೆನೋವೆಂದು ಗಗನಸಖಿಗೆ ಹೇಗೆ ತಿಳಿಸಿಯಾರು? ಅವರ ಪಕ್ಕದ ಆಸನದಲ್ಲಿ ಮನೆಯವರೊಬ್ಬರಿರಲಿ, ರೋಗದ ಮತ್ತು ಮಾತ್ರೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿ ಅವರ ಕೈಚೀಲದಲ್ಲಿರಲಿ.